ಧಾರವಾಡದಲ್ಲಿ ಕುಳಿತು ಕಪ್ಪು ಬೇಸ್‌ಬಾಲಿನ ದಾಖಲೆ ಹುಡುಕುವ ಬಗೆ

ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗುಗಳು ಕಪ್ಪು ಆಟಗಾರರನ್ನು ದಶಕಗಳ ಕಾಲ ಹೊರಗಿಟ್ಟಿದ್ದರಿಂದ ಅವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. 1920ರಲ್ಲಿ ಕಪ್ಪು ತಂಡವೊಂದರ ಒಡೆಯ ರೂಬ್ ಫಾಸ್ಟರ್ ಮುಂದಾಳತ್ವದಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ ಸೇರಿದ ಸಭೆಯಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಹುಟ್ಟಿತು. ಈ ಚರಿತ್ರೆಯನ್ನು ಅಭ್ಯಸಿಸಬೇಕೆಂದು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕೇಳಿದರೆ ನಾನು ಹೇಳುವುದಿಷ್ಟು: ದೊಡ್ಡ ಹೆಸರುಗಳನ್ನು ಬದಿಗಿಟ್ಟು ಒಂದೇ ಒಂದು ಪಂದ್ಯವನ್ನು ಆರಿಸಿಕೊಳ್ಳಿರಿ.

ಆ ಪಂದ್ಯದ ವರದಿಯನ್ನು ಕಪ್ಪು ಸಮುದಾಯದ ಪತ್ರಿಕೆಗಳಲ್ಲಿಯೇ ಮೊದಲು ಹುಡುಕಬೇಕು. ಚಿಕಾಗೊ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್, ಬಾಲ್ಟಿಮೋರಿನ ಆಫ್ರೊ-ಅಮೆರಿಕನ್ ಮುಖ್ಯವಾದವು. ಕೊನೆಯದರ ಹಳೆಯ ಸಂಚಿಕೆಗಳು ಗೂಗಲ್‌ನ ಪತ್ರಿಕಾ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಲೀಗಿನ ಆ ಕಾಲದಲ್ಲಿ ಡಿಫೆಂಡರ್ ಮತ್ತು ಕೊರಿಯರ್ ವಾರಪತ್ರಿಕೆಗಳಾಗಿದ್ದವು. ಆದ್ದರಿಂದ ರವಿವಾರದ ಆಟವನ್ನು ಮುಂದಿನ ಶನಿವಾರದ ಸಂಚಿಕೆಯಲ್ಲಿ ನೋಡಬೇಕು. ಹುಡುಕುವಾಗ ಇಂದಿನ ಪದ ಬಳಸಿದರೆ ಕೈಗೆ ಏನೂ ಹತ್ತುವುದಿಲ್ಲ, ಏಕೆಂದರೆ ಅಂದಿನ ಪತ್ರಿಕೆಗಳು ಬರೆಯುತ್ತಿದ್ದುದು ‘ಕಲರ್ಡ್’, ‘ನೀಗ್ರೊ’ ಎಂದು. ಮಸುಕಾದ ಅಚ್ಚನ್ನು ಗಣಕಯಂತ್ರವು ತಪ್ಪಾಗಿ ಓದುವುದರಿಂದ, ಹೆಸರು ಸಿಗದಿದ್ದರೂ ಕ್ರೀಡಾಪುಟವನ್ನು ತೆರೆದು ಕಣ್ಣಾರೆ ಓದಬೇಕು.

ಬಾಕ್ಸ್ ಸ್ಕೋರ್, ಅಂದರೆ ಪಂದ್ಯದಲ್ಲಿ ಪ್ರತಿ ಆಟಗಾರನ ಅಂಕಿಗಳ ಪಟ್ಟಿ, ಸಿಕ್ಕಿದರೆ ಎಡಬದಿಗೆ ಆಟಗಾರರ ಮನೆತನದ ಹೆಸರುಗಳೂ ಅವುಗಳೆದುರು ಸಣ್ಣ ಅಂಕಿಗಳೂ ಇರುತ್ತವೆ. ಪೆನ್ಸಿಲ್ ಹಿಡಿದು ಹಿಟ್‌ಗಳ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ ಹೊಡೆತಗಳ) ಸಾಲನ್ನು ಕೂಡಿಸಿ, ಕೆಳಗಿನ ಮೊತ್ತಕ್ಕೆ ಹೊಂದುತ್ತದೆಯೇ ನೋಡಿರಿ. ಹೊಂದದಿದ್ದಾಗ ನೀವೇ ತಿದ್ದಬಾರದು. ಎದುರು ತಂಡದ ಊರಿನ ಪತ್ರಿಕೆಯನ್ನು ತೆರೆಯಬೇಕು. ಕ್ರಿಕೆಟ್ ಬಲ್ಲ ನಮಗೆ ಒಂದು ಎಚ್ಚರಿಕೆ ಅಗತ್ಯ: ಇಲ್ಲಿ ಬ್ಯಾಟಿಂಗ್ ಸರಾಸರಿಯೆಂದರೆ ಹಿಟ್‌ಗಳನ್ನು ಬ್ಯಾಟಿಂಗ್ ಅವಕಾಶಗಳಿಂದ ಭಾಗಿಸಿದ ಅಂಕಿ, ಅದಕ್ಕೆ ಓಟಗಳ ಸಂಬಂಧವಿಲ್ಲ.

ಹಾವೇರಿ ಕಡೆಯ ಜಂಗೀ ಕುಸ್ತಿಯ ಹಿರಿಯ ಪೈಲ್ವಾನರ ಗೆಲುವುಗಳು ಊರಿನವರ ನೆನಪಿನಲ್ಲಿ ಉಳಿದಿರುವಂತೆಯೇ, ನೀಗ್ರೊ ಲೀಗುಗಳ ಹೆಸರಾಂತ ಆಟಗಾರ ಜಾಶ್ ಗಿಬ್ಸನ್ ಸುಮಾರು 800 ಹೋಮ್ ರನ್ (ಒಂದೇ ಹೊಡೆತದಲ್ಲಿ ಎಲ್ಲ ಬೇಸ್ ಸುತ್ತಿ ಬರುವ ಓಟ) ಹೊಡೆದರೆಂಬ ಮಾತು ಅಲ್ಲಿ ಉಳಿದಿದೆ. ಅಧಿಕೃತ ಲೆಕ್ಕ 200ಕ್ಕಿಂತ ಕಡಿಮೆ. ಇದರಿಂದ ಜನರು ಸುಳ್ಳು ಹೇಳಿದರೆಂದು ತೀರ್ಮಾನಿಸುವುದು ಅನ್ಯಾಯ. ತಂಡಗಳು ಹೊಟ್ಟೆಪಾಡಿಗಾಗಿ ಊರೂರು ತಿರುಗಿ ಲೀಗಿನ ಹೊರಗೆ ಅಸಂಖ್ಯ ಪಂದ್ಯಗಳನ್ನು ಆಡಿದವು. ಅವು ಅಧಿಕೃತ ಲೆಕ್ಕಕ್ಕೆ ಸೇರುವುದಿಲ್ಲ. ಲೀಗಿನ ಎಷ್ಟೋ ಪಂದ್ಯಗಳನ್ನೂ ಬರೆದಿಡುವವರಿರಲಿಲ್ಲ. 1920ರಿಂದ 1948ರವರೆಗಿನ ಏಳು ಲೀಗುಗಳಿಗೆ ದೊಡ್ಡ ಲೀಗಿನ ಮಾನ್ಯತೆ ದೊರೆತದ್ದು 2020ರಲ್ಲಿ. ಅವುಗಳ ಅಂಕಿಅಂಶಗಳು ದೊಡ್ಡ ಲೀಗುಗಳ ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಆಗ ಗಿಬ್ಸನ್ನರ ಜೀವಮಾನದ 0.372 ಬ್ಯಾಟಿಂಗ್ ಸರಾಸರಿ, ದೊಡ್ಡ ಲೀಗಿನ ಆಟಗಾರ ಟೈ ಕಾಬ್ ಅವರ 0.367ನ್ನು ಹಿಂದಿಕ್ಕಿತು. ಇದಕ್ಕೆ ಆಧಾರವಾದದ್ದು ಸಂಶೋಧಕರು ವರ್ಷಾನುಗಟ್ಟಲೆ ಕೂಡಿಹಾಕಿದ ಇಂಥವೇ ಬಾಕ್ಸ್ ಸ್ಕೋರುಗಳು.

ಟಿಪ್ಪಣಿಯಲ್ಲಿ ಪಂದ್ಯದ ದಿನಾಂಕ, ಸಂಚಿಕೆಯ ದಿನಾಂಕ, ಪುಟಸಂಖ್ಯೆ ಬೇರೆಬೇರೆಯಾಗಿರಲಿ. ಸಿಗದ ಅಂಕಿಯ ಜಾಗದಲ್ಲಿ ಸೊನ್ನೆ ಬರೆಯದೆ ಖಾಲಿ ಬಿಡಿರಿ. 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ದೊಡ್ಡ ಲೀಗಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿದ ಮೇಲೆ ಕಪ್ಪು ಪತ್ರಿಕೆಗಳ ಗಮನವೂ ಅವರ ಹಿಂದೆಯೇ ಹೋಯಿತು, ಹಳೆಯ ಲೀಗುಗಳ ವರದಿಗಳು ಸಣ್ಣವಾದವು. ಆ ನಂತರದ ವರ್ಷಗಳ ಹುಡುಕಾಟಕ್ಕೆ ಹೆಚ್ಚು ಸಮಯವನ್ನು ಮೀಸಲಿಟ್ಟುಕೊಳ್ಳಿರಿ.