8 ಎಕರೆ ಮಸಾರಿ, 18 ಕುರಿ

ಕುಷ್ಟಗಿ ತಾಲೂಕಿನಲ್ಲಿ ನಮ್ಮದು 8 ಎಕರೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ ಇದೆ. ಮಣ್ಣಿಗಿಂತ ಕಲ್ಲೇ ಜಾಸ್ತಿ. ಅಪ್ಪ ಇದ್ದಾಗ ಸಜ್ಜೆ, ಹುರುಳಿ ಬಿತ್ತುತ್ತಿದ್ದರು, ಬೀಜದ ದುಡ್ಡು ವಾಪಸ್ ಬಂದರೆ ಅದೇ ದೊಡ್ಡದು. 2018ರಲ್ಲಿ ಮಳೆ ಕೈಕೊಟ್ಟ ಮೇಲೆ ನಾನು ಬಿತ್ತುವುದನ್ನೇ ಬಿಟ್ಟೆ. ಬೀಳು ಬಿದ್ದ ಹೊಲದಲ್ಲಿ ಕುರಿಯಾದರೂ ಮೇಯಲಿ ಅಂದುಕೊಂಡೆ. ಆಗ ನನ್ನ ಹತ್ತಿರ 35 ಕುರಿ ಇದ್ದವು, ಎಲ್ಲ ಕೆಂಗುರಿ, ನಮ್ಮ ಕಡೆಯ ಕೆಂಪು ತಳಿ.

ಮೊದಲ ವರ್ಷ ಬೇಲಿ ತೆಗೆದು ಇಡೀ ಹೊಲಕ್ಕೆ ಬಿಟ್ಟೆ. ಕುರಿ ಹುಲ್ಲು ತಿನ್ನುವುದನ್ನು ಹತ್ತಿರ ಕೂತು ನೋಡಿದ್ದೀರಾ? ರುಚಿಯಾದದ್ದನ್ನು ಹುಡುಕಿ ಹುಡುಕಿ ಬುಡದ ತನಕ ಕ್ಷೌರ ಮಾಡುತ್ತೆ. ಎರಡು ದಿನ ಬಿಟ್ಟು ಅಲ್ಲೇ ಹೊಸ ಚಿಗುರು ಬಂದರೆ ಮತ್ತೆ ಅದನ್ನೇ ಕಚ್ಚುತ್ತೆ. ದಸರೆ ಹೊತ್ತಿಗೆ ಹೊಲದಲ್ಲಿ ಉಳಿದದ್ದು ಉತ್ರಾಣಿ ಮತ್ತು ಕಾಂಗ್ರೆಸ್ ಕಸ. ಕುರಿ ಬೇಡ ಅಂತ ಬಿಟ್ಟದ್ದೇ ಬೀಜ ಕಟ್ಟಿತು, ಬೇಕು ಅಂತ ತಿಂದದ್ದು ಸತ್ತಿತು.

ಆ ಚಳಿಗಾಲ ಕೆಲಸದ ಮೇಲೆ ಕಾರಟಗಿ ಕಡೆ ಹೋಗಿದ್ದೆ. ಭತ್ತ ಕೊಯ್ದ ಗದ್ದೆಗಳಲ್ಲಿ ಹಿಂಡು ಹಿಂಡು ಕುರಿ ಇಳಿದಿದ್ದವು. ಅಲ್ಲಿ ಗದ್ದೆಯವರೇ ದುಡ್ಡು ಕೊಟ್ಟು ರಾತ್ರಿ ಕುರಿ ತರುಬಿಸಿಕೊಳ್ಳುತ್ತಾರೆ, ಅಂದರೆ ಗದ್ದೆಯಲ್ಲೇ ತಂಗಿಸಿಕೊಳ್ಳುತ್ತಾರೆ, ಹಿಕ್ಕೆ ಗೊಬ್ಬರಕ್ಕೆ. ಕುರಿಗಾರರು ಬಲೆ, ನಾಲ್ಕಾರು ಗೂಟ ಇಟ್ಟುಕೊಂಡು ಇವತ್ತು ಇಲ್ಲಿ, ನಾಳೆ ಆ ಕಡೆ ಅಂತ ಹಟ್ಟಿ ಎಬ್ಬಿಸುತ್ತಿದ್ದರು. ಗೊಬ್ಬರಕ್ಕಾಗಿ ಜಾಗ ಬದಲಿಸಬಹುದಾದರೆ ಹುಲ್ಲಿಗಾಗಿ ಯಾಕೆ ಬದಲಿಸಬಾರದು ಅನ್ನಿಸಿತು. ಊರಿಗೆ ಬಂದು ಅಂಥದ್ದೇ ಬಲೆ ತಂದೆ. ನಾನು ದುಡ್ಡು ಹಾಕಿದ ದೊಡ್ಡ ಖರ್ಚು ಅಂದರೆ ಅದೊಂದೇ.

ಹೊಲವನ್ನು 6 ತುಂಡು ಮಾಡಿದೆ. ಬದು ಇದ್ದ ಕಡೆ ಬಳ್ಳಾರಿ ಜಾಲಿ ಕಡಿದು ಮುಳ್ಳು ಹೊದಿಸಿದೆ, ಇಲ್ಲದ ಕಡೆ ಬಲೆ. ಮಳೆಗಾಲದಲ್ಲಿ ಒಂದು ತುಂಡಿನಲ್ಲಿ 4 ಅಥವಾ 5 ದಿನ, ಆಮೇಲೆ ಮುಂದಿನದಕ್ಕೆ. ಅಂದರೆ ಒಂದು ತುಂಡಿಗೆ ಕುರಿ ತಿರುಗಿ ಬರುವಷ್ಟರಲ್ಲಿ ಮೂರು ಮೂರೂವರೆ ವಾರ ಆಗಿರುತ್ತೆ. ಆದರೆ ನಾನು ಕ್ಯಾಲೆಂಡರ್‌ಗಿಂತ ಕೈಯನ್ನೇ ಜಾಸ್ತಿ ನಂಬುತ್ತೇನೆ: ಹುಲ್ಲು ಗೇಣುದ್ದ ಆದ ಮೇಲೆ ಬಿಡುವುದು, ನಾಲ್ಕು ಬೆರಳು ಉಳಿದಾಗ ಎಬ್ಬಿಸುವುದು. ಆ ನಾಲ್ಕು ಬೆರಳು ಬಿಟ್ಟು ಬರುವುದು ಮೊದಮೊದಲು ಬಹಳ ಕಷ್ಟ ಆಗುತ್ತಿತ್ತು. ಎದುರಿಗೆ ಮೇವು ಕಾಣುತ್ತಿದೆ, ಕುರಿ ಅರಚುತ್ತಿವೆ, ನಾವು ಹೊರಡಬೇಕು.

ಅದಕ್ಕೂ ಕಷ್ಟ ಆಗಿದ್ದು ಕುರಿ ಮಾರುವುದು. ಎಷ್ಟೇ ತುಂಡು ಮಾಡಿದರೂ 35 ಕುರಿಗೆ ಈ ಹೊಲ ಸಾಲದು ಅಂತ ಒಂದೇ ವರ್ಷದಲ್ಲಿ ಗೊತ್ತಾಯಿತು. ಅಮೀನಗಡ ಸಂತೆಗೆ 17 ಕುರಿ ಹೊಡೆದುಕೊಂಡು ಹೋಗಿ ಮಾರಿದೆ. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ‘ಹುಲ್ಲು ಬೆಳೆಸಾಕ ಕುರಿ ಮಾರ್ಯಾನ’ ಅಂತ ಕಟ್ಟೆಯ ಮೇಲೆ ನಕ್ಕವರೂ ಇದ್ದಾರೆ. ಈಗ ಇರುವುದು 18 ತಾಯಿ ಕುರಿ. ಟಗರು ನಮ್ಮದಲ್ಲ, ಹಂಗಾಮಿಗೆ ಸಂಬಂಧಿಕರ ಮನೆಯಿಂದ ತರುತ್ತೇನೆ. ಮೊದಲು ಮಾಘ ಬರುವಷ್ಟರಲ್ಲಿ ಹೊಟ್ಟು ಕೊಳ್ಳುತ್ತಿದ್ದೆ, ಈಗ ಕೊಳ್ಳುತ್ತಿಲ್ಲ. ಸುಗ್ಗಿ ಆದ ಮೇಲೆ ಅಕ್ಕಪಕ್ಕದವರ ತೊಗರಿ ಹೊಲದಲ್ಲಿ ಉದುರಿದ ಎಲೆಯೇ ಒಂದು ತಿಂಗಳು ಸಾಗಿಸುತ್ತೆ. ಅದರ ಬದಲಿಗೆ ಅವರ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ತರುಬುತ್ತೇನೆ. ಒಂದು ಮಾತು, ಜೋಳ ಕೊಯ್ದ ಹೊಲದಲ್ಲಿ ಅಕಾಲ ಮಳೆ ಬಿದ್ದು ಕೂಳೆ ಚಿಗುರಿದ್ದರೆ ಅತ್ತ ತಲೆ ಹಾಕಬೇಡಿ. ಎಳೆ ಜೋಳದ ಚಿಗುರಿನಲ್ಲಿ ಸಯನೈಡ್ ವಿಷ ಇರುತ್ತೆ, ಡಾಕ್ಟರ್ ಬರುವಷ್ಟರಲ್ಲಿ ಕುರಿ ಹೋಗಿರುತ್ತೆ.

ತಪ್ಪೂ ಮಾಡಿದ್ದೇನೆ. ಎರಡನೇ ವರ್ಷ ಮೃಗಶಿರ ಮಳೆ ಚೆನ್ನಾಗಿ ಆಯಿತು, ಎಂಟು ಹತ್ತು ದಿನದಲ್ಲಿ ಹೊಲ ಹಸಿರಾಯಿತು. ಬೇಸಿಗೆ ಪೂರ್ತಿ ಒಣಗಿದ್ದನ್ನೇ ತಿಂದ ಕುರಿಗಳು, ಪಾಪ ತಿನ್ನಲಿ ಅಂತ ಬೆಳಗ್ಗೆಯೇ ಬಿಟ್ಟೆ. ಮರುದಿನ ಹಟ್ಟಿಯಲ್ಲಿ ಎರಡು ಮರಿ ಕಾಲು ಚಾಚಿ ಬಿದ್ದಿದ್ದವು, ಸಂಜೆಗೆ ಇನ್ನೆರಡು. ಹೋದದ್ದು ಬಡಕಲು ಮರಿಗಳಲ್ಲ, ನಾಲ್ಕೂ ದಷ್ಟಪುಷ್ಟ ಇದ್ದವು. ಅದು ಕರುಳುಬೇನೆ. ಎಳೆ ಹುಲ್ಲನ್ನು ಒಮ್ಮೆಗೇ ಗಬಗಬ ತಿಂದಾಗ ಕರುಳಲ್ಲಿರುವ ರೋಗಾಣು ವಿಪರೀತ ಬೆಳೆದು ವಿಷ ಬಿಡುತ್ತೆ. ಮಳೆಗೆ ಮುಂಚೆ ಲಸಿಕೆ ಹಾಕಿಸಬೇಕಿತ್ತು, ನಾಳೆ ನಾಡಿದ್ದು ಅಂತ ಮುಂದೂಡಿದ್ದು ನಾನೇ. ಈಗ ಮೇ ತಿಂಗಳಲ್ಲೇ ಹಾಕಿಸುತ್ತೇನೆ, ಮೊದಲ ಸಲ ಲಸಿಕೆ ಹಾಕಿಸುವ ಮರಿಗಳಿಗೆ ಎರಡು ಮೂರು ವಾರ ಬಿಟ್ಟು ಇನ್ನೊಂದು. ಹೊಸ ಹಸಿರಿಗೆ ಬಿಡುವ ಮುಂಚೆ ಹೊಟ್ಟೆಗೆ ಒಂದಿಷ್ಟು ಒಣ ಸೊಪ್ಪೆ ಬಿದ್ದಿರಬೇಕು. ಮೊದಲ ದಿನ ಅರ್ಧ ತಾಸು, ಮರುದಿನ ಒಂದು ತಾಸು, ಹೀಗೆ.

ಜಂತಿನ ಔಷಧಿ ಖರ್ಚೂ ಇಳಿದಿದೆ. ಹಿಕ್ಕೆಯಲ್ಲಿ ಬಿದ್ದ ಜಂತಿನ ಮೊಟ್ಟೆ ಮರಿಯಾಗಿ ಹುಲ್ಲು ಹತ್ತಲು ಮಳೆಗಾಲದಲ್ಲಿ ಸುಮಾರು ಒಂದು ವಾರ ಬೇಕು, ಅಷ್ಟರಲ್ಲಿ ನಮ್ಮ ಕುರಿ ಮುಂದಿನ ತುಂಡಿನಲ್ಲಿರುತ್ತವೆ. ಆ ಮರಿಗಳು ಹುಲ್ಲಿನ ಬುಡದಲ್ಲೇ ಜಾಸ್ತಿ ಇರುತ್ತವೆ, ನಾಲ್ಕು ಬೆರಳು ಬಿಡುವುದರಿಂದ ಆ ಲಾಭವೂ ಇದೆ. ಇಬ್ಬನಿ ಆರುವ ತನಕ ಹಟ್ಟಿ ಬಿಚ್ಚುವುದಿಲ್ಲ. ಮೊದಲು ಎಲ್ಲದಕ್ಕೂ ಒಟ್ಟಿಗೆ ಔಷಧಿ ಕುಡಿಸುತ್ತಿದ್ದೆ. ಈಗ 15 ದಿನಕ್ಕೊಮ್ಮೆ ಕೆಳ ರೆಪ್ಪೆ ಬಿಡಿಸಿ ನೋಡುತ್ತೇನೆ. ಕೆಂಪಗಿದ್ದರೆ ಬಿಟ್ಟುಬಿಡುತ್ತೇನೆ. ಜಂತು ರಕ್ತ ಹೀರಿ ಬಿಳಚಿಕೊಂಡಿದ್ದರೆ ಅಥವಾ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು ಇದ್ದರೆ ಅದಕ್ಕೆ ಮಾತ್ರ ಔಷಧಿ. ಪದೇ ಪದೇ ಬಿಳಚುವ ಕುರಿಯ ಮರಿಯನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಇನ್ನು ಬಳ್ಳಾರಿ ಜಾಲಿ. ಬೇಲಿಗೂ ಅದೇ, ತಲೆನೋವಿಗೂ ಅದೇ. ಬೇಸಿಗೆಯಲ್ಲಿ ಹಳ್ಳದ ದಂಡೆಯ ಜಾಲಿಕಾಯಿ ಸಿಹಿಯಾಗಿರುತ್ತೆ ಅಂತ ಕುರಿ ಮುಗಿಬಿದ್ದು ತಿನ್ನುತ್ತವೆ. ಆದರೆ ಬೀಜ ಅರಗುವುದಿಲ್ಲ. ಮಳೆ ಬಿದ್ದ ಮೇಲೆ ಒಂದು ದಿನ ಬಗ್ಗಿ ನೋಡಿದರೆ, ನೆನೆದು ಒಡೆದ ಹಿಕ್ಕೆಯೊಳಗಿಂದಲೇ ಎರಡು ಎಲೆ ಹೊರಗೆ ಇಣುಕುತ್ತಿದ್ದವು. ಹೊಲದ ತುಂಬ ಅದೇ! ಎರಡು ಬೆರಳು ಎತ್ತರ ಇದ್ದಾಗ ಹಸಿ ನೆಲದಲ್ಲಿ ಸಲೀಸಾಗಿ ಕಿತ್ತು ಬರುತ್ತೆ, ತಡ ಮಾಡಿದರೆ ಗುದ್ದಲಿಯೇ ಬೇಕು. ಈಗ ಕಾಯಿ ತಿನ್ನುವ ಕಾಲದಲ್ಲಿ ಕುರಿಗಳನ್ನು ಈ ತುಂಡುಗಳಿಗೆ ಬಿಡುವುದೇ ಇಲ್ಲ. ಹಟ್ಟಿಯ ಹಿಕ್ಕೆ ಜೋಳದ ಹೊಲಕ್ಕೆ ಹೋಗುತ್ತೆ, ಅಲ್ಲಿ ಕುಂಟೆ ಹೊಡೆಯುವಾಗ ಸಸಿ ಸಾಯುತ್ತೆ.

ಬೀಜ ಅಂತ ಹಾಕಿದ್ದು ಎರಡೇ, ಅಂಜನ್ ಹುಲ್ಲು ಮತ್ತು ಸ್ಟೈಲೋ ಅನ್ನುವ ದ್ವಿದಳ ಮೇವು. ಅಂಜನ್ ಬೀಜ ಹತ್ತಿಯಂತೆ ಹಗುರ, ಗಾಳಿಗೆ ಹಾರಿ ಹೋಗುತ್ತೆ, ಹಸಿ ಮಣ್ಣಿನಲ್ಲಿ ಕಲಸಿ ಚೆಲ್ಲಬೇಕು. ಸ್ಟೈಲೋದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಉತ್ತು ಹದ ಮಾಡಲಿಲ್ಲ, ಮುಳ್ಳಿನ ಕೊಂಬೆ ಎಳೆದು ನೆಲ ಗೀರಿ ಚೆಲ್ಲಿದೆ. ಮೂರು ತುಂಡಲ್ಲಿ ಚೆನ್ನಾಗಿ ಹತ್ತಿತು, ಕಲ್ಲಿನ 4ನೇ ತುಂಡಿನಲ್ಲಿ ಇವತ್ತಿಗೂ ಅಲ್ಲೊಂದು ಇಲ್ಲೊಂದು.

ಪ್ರತಿ ವರ್ಷ ಒಂದು ತುಂಡನ್ನು ಸೆಪ್ಟೆಂಬರ್ ನಡುವಿನ ಉತ್ತರಿ ಮಳೆಯಿಂದ ದೀಪಾವಳಿ ತನಕ ಮುಟ್ಟುವುದಿಲ್ಲ, ಬೀಜ ಕಟ್ಟಿ ಉದುರಲಿ ಅಂತ. ಈ ವರ್ಷ 5ನೆಯದರ ಸರದಿ. ಮೊನ್ನೆ ನೋಡಿದರೆ ಯಾರದೋ ಎರಡು ಆಡು ಮುಳ್ಳು ಸರಿಸಿ ಒಳಗೆ ನುಗ್ಗಿ ಒಂದು ಮೂಲೆ ಖಾಲಿ ಮಾಡಿದ್ದವು. ಆ ಮೂಲೆಗೆ ಇವತ್ತು ಇನ್ನೊಂದು ಹೊರೆ ಮುಳ್ಳು ಹಾಕಿ ಬಂದೆ.