ಫೈಲ್ ಎಲ್ಲರಿಗೂ ಪುಕ್ಕಟೆ, ದುಡಿಮೆಗೆ ದುಡ್ಡು: ನನ್ನ ಮಾಡ್ ಲೆಕ್ಕದ ಅನುಭವ

ಹೋದ ತಿಂಗಳು ಸ್ಕೈರಿಮ್ ಅನ್ನೋ ಕಂಪ್ಯೂಟರ್ ಆಟಕ್ಕೆ ನಾನು ಮಾಡಿದ ಮಾಡ್‌ನಿಂದ (ಆಟವನ್ನು ಬದಲಿಸಲು ಆಟಗಾರರೇ ಮಾಡಿ ಸೇರಿಸುವ ಫೈಲ್) ಸುಮಾರು 345 ಡಾಲರ್ ಬಂತು. ಕಡಿತ ಎಲ್ಲ ಕಳೆದು ಕೈಗೆ ಸಿಕ್ಕಿದ್ದು 300ರ ಆಸುಪಾಸು. ಫೈಲ್ ಪುಕ್ಕಟೆ ಕೊಟ್ಟು ದುಡಿಮೆಗೆ ಮಾತ್ರ ದುಡ್ಡು ಕೇಳುವ ಈ ಪದ್ಧತಿ ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಕೊನೆಯ ಆರು ತಿಂಗಳಲ್ಲಿ ಕೈಗೆ ಬಂದ ಹಣ ಒಮ್ಮೆಯೂ 250ಕ್ಕಿಂತ ಕೆಳಗೆ ಇಳಿದಿಲ್ಲ. ಒಂದೇ ಒಂದು ಫೈಲಿಗೂ ನಾನು ಬೀಗ ಹಾಕಿಲ್ಲ. "ಪುಕ್ಕಟೆ ಸಿಗೋದಕ್ಕೆ ಯಾರಪ್ಪಾ ದುಡ್ಡು ಕೊಡ್ತಾರೆ?" ಅಂತ ನನ್ನ ಹಾಗೇ ಮಾಡ್ ಮಾಡುವ ಜೊತೆಯ ಮಾಡರ್‌ಗಳೇ ಹೇಳಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಲೆಕ್ಕದ ಹಾಳೆಯ ನಕಲು ಕೇಳಿ ತೆಗೆದುಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಾಡ್ ಏನು ಅಂತ ಎರಡು ಮಾತು. ವ್ಯಾಪಾರಿಗಳು ಗಾಡಿ ಕಟ್ಟಿಕೊಂಡು ಊರಿಂದ ಊರಿಗೆ ನಡೆಯುತ್ತಾರೆ, ದಾರಿಯಲ್ಲಿ ಸಂತೆ ಹೂಡುತ್ತಾರೆ. ಆಟದ ಎಲ್ಲ ಊರುಗಳನ್ನೂ ಮುಟ್ಟುತ್ತದೆ. ಅಂದರೆ ಊರನ್ನು ಬದಲಿಸುವ ಪ್ರತಿಯೊಂದು ಮಾಡ್ ಜೊತೆಗೂ ಜಗಳ. ಇಂಥ ಜಗಳ ಹುಡುಕುವ ಎಕ್ಸ್‌ಎಡಿಟ್ ಅನ್ನೋ ಟೂಲ್ ತೆರೆದು ಕೂತವರಿಗೆ ಈ ನೋವು ಗೊತ್ತು.

2015ರ ಏಪ್ರಿಲ್‌ನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯ ವರ್ಕ್‌ಶಾಪ್‌ನಲ್ಲಿ ಸ್ಕೈರಿಮ್ ಮಾಡ್‌ಗಳಿಗೆ ಬೆಲೆ ಇಟ್ಟು ಮಾರಲು ಬಿಟ್ಟಾಗ, ವಿರೋಧದ ಮನವಿಗೆ 1 ಲಕ್ಷ 30 ಸಾವಿರಕ್ಕೂ ಜಾಸ್ತಿ ಜನ ಸಹಿ ಹಾಕಿದ್ದರು. ಅದರಲ್ಲಿ ನನ್ನದೂ ಒಂದು. ಮಾಡರ್‌ಗೆ ಶೇ. 25, ಆಟ ಮಾಡಿದವರಿಗೆ 45, ಅಂಗಡಿಗೆ 30. ನಮ್ಮ ಪಾಲು 100 ಡಾಲರ್ ಮುಟ್ಟುವವರೆಗೆ ಕೈಗೆ ಏನೂ ಇಲ್ಲ, ಅಂದರೆ 400 ಡಾಲರ್ ವ್ಯಾಪಾರ ಆಗಬೇಕು. ನಾಲ್ಕೇ ದಿನದಲ್ಲಿ ಎಲ್ಲ ವಾಪಸ್ ತೆಗೆದರು. ಎಲ್ಲರೂ ಶೇ. 25ರ ಬಗ್ಗೆಯೇ ಕೂಗಾಡಿದರು. ನನ್ನನ್ನು ತಟ್ಟಿದ್ದು ಬೇರೆ. ಮೊದಲ ದಿನವೇ ಮೀನು ಹಿಡಿಯುವ ಒಂದು ಮಾಡ್ ಮಾರಾಟಕ್ಕೆ ಬಂತು. ಅದು ಇನ್ನೊಬ್ಬರ ಅನಿಮೇಷನ್ ಕೆಲಸದ ಮೇಲೆ ನಿಂತಿತ್ತು, ಅವರು ಒಪ್ಪಿರಲಿಲ್ಲ. ಮಾರಾಟ ನಿಲ್ಲಿಸಬೇಕಾಯಿತು. ನನ್ನ ಗಾಡಿ ಎಳೆಯುವ ನಡಿಗೆಯೂ ಬೇರೆಯವರು ಮಾಡಿದ್ದೇ. ನಮ್ಮ ಮಾಡ್‌ಗಳೆಲ್ಲ ಒಂದರ ಹೆಗಲ ಮೇಲೆ ಒಂದು ಕೂತಿವೆ. ಫೈಲಿಗೆ ಬೆಲೆ ಚೀಟಿ ಅಂಟಿಸಿದ ತಕ್ಷಣ ಕೆಳಗಿನ ಹೆಗಲು ಯಾರದು ಅನ್ನೋ ಪ್ರಶ್ನೆ ಬರುತ್ತದೆ.

ಆದರೆ ದುಡ್ಡೇ ಬೇಡ ಅಂತ ನಾನು ಯಾವತ್ತೂ ಹೇಳಲಿಲ್ಲ. ಹಾಗಾಗಿ ಒಂದೊಂದೇ ದಾರಿ ಹಿಡಿದು ನೋಡಿದೆ.

ಮೊದಲು ದೇಣಿಗೆ ಬಟನ್. ಎರಡು ವರ್ಷ, ಎರಡೂವರೆ ಲಕ್ಷದಷ್ಟು ಡೌನ್‌ಲೋಡ್, ಬಂದದ್ದು 60 ಡಾಲರ್ ಇರಬೇಕು. ಅದರಲ್ಲಿ 25 ಒಬ್ಬರೇ ಕೊಟ್ಟದ್ದು.

ಆಮೇಲೆ ಡೌನ್‌ಲೋಡ್ ಲೆಕ್ಕದಲ್ಲಿ ಪಾಯಿಂಟ್ ಕೊಡುವ ವ್ಯವಸ್ಥೆ. ಸಾವಿರ ಪಾಯಿಂಟ್‌ಗೆ ಒಂದು ಡಾಲರ್. ಹೊಸ ಆವೃತ್ತಿ ಬಿಟ್ಟ ತಿಂಗಳು 30ರವರೆಗೆ ಬಂತು, ನಂತರ ಏಳೆಂಟಕ್ಕೆ ಇಳಿದು ಅಲ್ಲೇ ಕೂತಿತು. 2021ರ ನವೆಂಬರ್‌ನಲ್ಲಿ ಸ್ಕೈರಿಮ್‌ಗೆ ಆನಿವರ್ಸರಿ ಎಡಿಷನ್ ಅಪ್‌ಡೇಟ್ ಬಂದು, ಸ್ಕ್ರಿಪ್ಟ್ ಎಕ್ಸ್‌ಟೆಂಡರ್ (ಮಾಡ್‌ಗಳು ಆಟದೊಳಗೆ ಹೆಚ್ಚು ಕೆಲಸ ಮಾಡಲು ಬಿಡುವ ಟೂಲ್) ಮೇಲೆ ನಿಂತ ಪ್ಲಗಿನ್‌ಗಳೆಲ್ಲ ಮುರಿದವಲ್ಲ, ಆಗ ಮೂರು ವಾರ ರಾತ್ರಿ ನಿದ್ದೆ ಬಿಟ್ಟು ಸರಿ ಮಾಡಿದೆ. ಪಾಯಿಂಟ್ ಅಲ್ಲಾಡಲೇ ಇಲ್ಲ. ಹೊಸದು ಮಾಡುವವರಿಗೆ ಆ ಲೆಕ್ಕ ಚೆನ್ನ. ಇದ್ದದ್ದನ್ನು ಕಾಪಾಡುವವರಿಗೆ ಅಲ್ಲ.

ನಡುವೆ ಸಿಮ್ಸ್ 4 ಅನ್ನೋ ಇನ್ನೊಂದು ಆಟದ ಕಡೆ ಹೋದೆ. ಮಾಡ್ ಮಾರುವ ಹಾಗಿಲ್ಲ, ಆದರೆ ಸ್ವಲ್ಪ ಕಾಲ ಬೆಂಬಲಿಗರಿಗೆ ಮೊದಲೇ ಕೊಡಬಹುದು, ಆಮೇಲೆ ಎಲ್ಲರಿಗೂ ಪುಕ್ಕಟೆ ಬಿಡಬೇಕು ಅಂತ 2022ರಲ್ಲಿ ಅಲ್ಲಿನ ನಿಯಮ ಸ್ಪಷ್ಟವಾಗಿತ್ತು. ಒಂದು ಅಡುಗೆಮನೆ ಸೆಟ್ ಮಾಡಿ ಮೂರು ವಾರದ ಗಡುವು ಇಟ್ಟೆ. ಮೊದಲ ತಿಂಗಳು 190 ಡಾಲರ್! ಖುಷಿಯೋ ಖುಷಿ. ಆದರೆ ಮೂರನೇ ದಿನಕ್ಕೇ ಫೈಲ್ ಹೊರಗೆ ಹರಿದಾಡುತ್ತಿತ್ತು, ತೆಗೆದುಕೊಂಡವರಲ್ಲಿ ಅರ್ಧಕ್ಕರ್ಧ ಜನ ಮರುದಿನವೇ ಚಂದಾ ನಿಲ್ಲಿಸಿದ್ದರು. ಎರಡನೇ ತಿಂಗಳು 45. ಯಾರು ಸೋರಿಸಿದರು ಅಂತ ಹಿಡಿಯಲು ಪ್ರತಿಯೊಬ್ಬರಿಗೆ ಕೊಟ್ಟ ಫೈಲಿನ ಟೆಕ್ಸ್‌ಚರ್‌ನಲ್ಲೂ (ವಸ್ತುಗಳ ಮೇಲ್ಮೈಯ ಚಿತ್ರ) ಬೇರೆ ಬೇರೆ ಗುರುತು ಅಡಗಿಸುವ ಪ್ರಯೋಗ ಮಾಡಿದೆ. ಪೂರ್ತಿ ಒಂದು ವಾರ ಹೋಯಿತು. ಗುರುತು ಕೆಲಸ ಮಾಡಿತು, ಆಳೂ ಸಿಕ್ಕ. ಸಿಕ್ಕಿ ಏನು ಪ್ರಯೋಜನ? ಆ ವಾರದಲ್ಲಿ ಒಂದೂ ಹೊಸ ಕುರ್ಚಿ ಮಾಡಿರಲಿಲ್ಲ. ಬೀಗ ಹಾಕಿದರೆ ಕಾವಲುಗಾರನ ಕೆಲಸವೂ ನಮ್ಮದೇ ಆಗುತ್ತದೆ.

ಆರ್ಡರ್ ಮೇಲೆ ಕೆಲಸವನ್ನೂ ಮಾಡಿದ್ದೇನೆ. ಒಂದು ಮಲ್ಟಿಪ್ಲೇಯರ್ ಸರ್ವರ್ ನಡೆಸುವವರು 250 ಡಾಲರ್‌ಗೆ ಒಪ್ಪಿ, 80 ಮುಂಗಡ ಕೊಟ್ಟು, ಫೈಲ್ ಕೈಗೆ ಬಂದ ಮೇಲೆ ಮಾಯವಾದರು. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಕಣ್ಣು ತೆರೆಸಿದ್ದು 2023ರ ಜೂನ್. ಸುಮ್ನೆ ಒಂದು ತಿಂಗಳು ಗಂಟೆಗಳನ್ನು ಬರೆದಿಟ್ಟೆ. ಒಟ್ಟು 52 ಗಂಟೆ. ಹೊಸದಾಗಿ ಏನಾದರೂ ಮಾಡಿದ್ದು 9 ಗಂಟೆ ಮಾತ್ರ. ಬೇರೆ ಮಾಡ್‌ಗಳ ಜೊತೆ ಹೊಂದಿಸುವ ಪ್ಯಾಚ್‌ಗೆ 21. ಆಟ ಕೆಟ್ಟು ನಿಂತಾಗ ಉಳಿಯುವ ಕ್ರ್ಯಾಶ್ ಲಾಗ್ ಓದಿ ಉತ್ತರ ಬರೆಯೋದಕ್ಕೆ 14. ಉಳಿದದ್ದು ಪರೀಕ್ಷೆ. ಅಂದರೆ ನಾನು ಇಷ್ಟು ವರ್ಷ ಮಾರಲು ಹೊರಟಿದ್ದು ಆ 9 ಗಂಟೆಯ ಫಲವನ್ನು. ಜನ ದಿನಾ ಬಂದು ಕೇಳುತ್ತಿದ್ದದ್ದು ಉಳಿದ 43 ಗಂಟೆಯನ್ನು!

ಜುಲೈಯಿಂದ ಹೀಗೆ ಮಾಡಿದೆ. ಪ್ರತಿ ತಿಂಗಳು ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಗಂಟೆಯ ಅಂದಾಜಿನ ಸಮೇತ ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ. ತಿಂಗಳಿಗೆ 2 ಡಾಲರ್ ಅಥವಾ 5 ಡಾಲರ್ ಕೊಡಬಹುದು. 5 ಕೊಡುವವರು ಯಾವ ಕೆಲಸ ಮೊದಲು ಅಂತ ಮತ ಹಾಕುತ್ತಾರೆ. ಫೈಲ್ ಮಾತ್ರ ಎಲ್ಲರಿಗೂ ಒಂದೇ ಗಳಿಗೆಯಲ್ಲಿ. ಬಂದ ಹಣ ಎಷ್ಟು ಗಂಟೆಗೆ ಸಾಕೋ ಅಷ್ಟೇ ಗಂಟೆ ಪಟ್ಟಿಯ ಕೆಲಸ. ಈ ಕೊನೆಯ ಮಾತನ್ನು ಪಾಲಿಸುವುದೇ ಕಷ್ಟ. ಎರಡನೇ ತಿಂಗಳು ಬರೀ ನಾಲ್ಕು ಗಂಟೆ ಕೆಲಸ ಮಾಡಿ ನಿಲ್ಲಿಸಿ "ಈ ತಿಂಗಳು ಇಷ್ಟೇ" ಅಂತ ಬರೆಯುವಾಗ ಕೈ ನಡುಗಿತ್ತು. ಬೈದವರು ಇದ್ದರು. ಹಾಗಂತ ನಾನು ಮಣಿದು ಪುಕ್ಕಟೆ ಮಾಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲ ತಿಂಗಳು 11 ಜನ, 34 ಡಾಲರ್. ನಾಲ್ಕನೇ ತಿಂಗಳು 20 ಡಾಲರ್‌ಗೆ ಇಳಿಯಿತು, ಬಿಟ್ಟುಬಿಡೋಣ ಅನ್ನಿಸಿತ್ತು. ಡಿಸೆಂಬರ್‌ನಲ್ಲಿ ಆಟಕ್ಕೆ ಮತ್ತೆ ಅಪ್‌ಡೇಟ್ ಬಂತು, ಪ್ಲಗಿನ್‌ಗಳು ಮತ್ತೆ ಮುರಿದವು. ಈ ಸಲ ಪಟ್ಟಿಯಲ್ಲಿ "ಸರಿಪಡಿಸಲು 30 ಗಂಟೆ" ಅಂತ ಹಾಕಿದೆ. ಹತ್ತು ದಿನದಲ್ಲಿ 70 ಜನ ಸೇರಿದರು. ಈಗ 120ರ ಹತ್ತಿರ ಇದ್ದಾರೆ.

ಅದೇ ಅಪ್‌ಡೇಟ್ ಜೊತೆಗೆ ಕ್ರಿಯೇಷನ್ಸ್ ಅನ್ನೋ ಹೆಸರಲ್ಲಿ ಮಾರಾಟದ ಮಾಡ್‌ಗಳು ಮತ್ತೆ ಬಂದವು. ಅಲ್ಲಿ ಅರ್ಜಿ ಹಾಕು ಅಂತ ತುಂಬಾ ಜನ ಹೇಳಿದರು. ಅಲ್ಲಿ ಮಾರುವ ಮಾಡ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಬೇರೆ ಮಾಡ್‌ಗಳನ್ನು ನೆಚ್ಚಿಕೊಳ್ಳುವಂತಿಲ್ಲ. ನನ್ನದು ಹಾಗಿಲ್ಲ, ಹಾಕಲಿಲ್ಲ.

ನನ್ನ ಮಾಡ್ ಬೇರೆಯವರ ಕೆಲಸದ ಮೇಲೆ ನಿಂತಿರುವುದಕ್ಕೇ ನಾನು ಅವರಿಗೆ ಪಾಲು ಕೊಡುತ್ತೇನೆ. ಕೈಗೆ ಬಂದದ್ದರಲ್ಲಿ ಶೇ. 15, ಈಗ 45 ಡಾಲರ್ ಆಗುತ್ತದೆ. ನಡಿಗೆ ಅನಿಮೇಷನ್ ಮಾಡಿದವರಿಗೆ ಒಂದು ಭಾಗ, ಗಾಡಿಯ ಮೆಶ್ (ಅದರ 3ಡಿ ಆಕಾರ) ಕೊಟ್ಟವರಿಗೆ ಒಂದು ಭಾಗ. ಮೆಶ್‌ನವರು ಮೊದಲು ಬೇಡ ಅಂದರು, ಆಮೇಲೆ ತಾವು ಬಳಸುವ ಒಂದು ಟೂಲ್ ಬರೆದವರಿಗೆ ದಾಟಿಸಲು ಹೇಳಿದರು. ಇದು ನಷ್ಟದ ಬಾಬತ್ತು ಅಂತ ಗೆಳೆಯರು ವಾದಿಸಿದ್ದರು. ನನ್ನ ಬೆಂಬಲಿಗರಲ್ಲಿ ಕಾಲು ಭಾಗ ಅವರಿಬ್ಬರ ಪುಟಗಳಿಂದ ಬಂದವರು.

ಎರಡು ವಿಷಯ ಮಾತ್ರ ಇಲ್ಲಿ ಹೇಳಲ್ಲ. ಗಂಟೆಯ ಅಂದಾಜು ಹಾಕುವ ನನ್ನ ಸೂತ್ರ ಒಂದು. ತಿಂಗಳ ವರದಿಯನ್ನು ಯಾವಾಗ, ಯಾವ ಸಾಲಿನಿಂದ ಶುರು ಮಾಡಿ ಕಳಿಸುತ್ತೇನೆ ಅನ್ನೋದು ಇನ್ನೊಂದು. ಏಳು ತಿಂಗಳು ಬಿದ್ದು ಎದ್ದು ಕಲಿತದ್ದು ಅದು.

"ಅಷ್ಟು ದುಡ್ಡು ಬೇಕಿದ್ದರೆ ಸ್ವಂತ ಆಟ ಮಾಡು" ಅನ್ನುವವರಿಗೆ ಒಂದು ಮಾತು. ಹಾಫ್-ಲೈಫ್ ಅನ್ನೋ ಆಟದ ಮಾಡ್ ಆಗಿ 1999ರಲ್ಲಿ ಹುಟ್ಟಿದ ಕೌಂಟರ್-ಸ್ಟ್ರೈಕ್ ಅನ್ನು ಆ ಆಟ ಮಾಡಿದ ವಾಲ್ವ್ ಕಂಪನಿ ಕೊಂಡು, ಮಾಡಿದವರನ್ನೂ ಕೆಲಸಕ್ಕೆ ತೆಗೆದುಕೊಂಡಿತು. 2015ರ ಸ್ಕೈರಿಮ್ ಮಾಡ್ ದಿ ಫರ್ಗಾಟನ್ ಸಿಟಿ 2021ರಲ್ಲಿ ಪೂರ್ತಿ ಆಟವಾಗಿ ಹೊರಬಂತು. ಬ್ಲ್ಯಾಕ್ ಮೆಸಾ ಅನ್ನೋ ಮಾಡ್ ಕೂಡ 2012ರಲ್ಲಿ ಪುಕ್ಕಟೆ ಬಂದು ಆಮೇಲೆ ಮಾರಾಟಕ್ಕೆ ಹೋದದ್ದು. ನಿಜ, ತುಂಬಾ ಹೆಮ್ಮೆಯ ಕೆಲಸಗಳು. ಆದರೆ ಇನ್ನೊಬ್ಬರ ಊರಿನ ಜೊತೆ ನನ್ನ ಸಂತೆಯನ್ನು ಹೊಂದಿಸುವ ಪ್ಯಾಚ್ ಯಾವತ್ತಾದರೂ ಸ್ವಂತ ಆಟ ಆದೀತಾ? ಆಗಲ್ಲ, ಅಲ್ವಾ? ಆದರೂ ಅದು ಬೇಕು, ಅದಕ್ಕೆ ರಾತ್ರಿಗಳು ಹೋಗುತ್ತವೆ. ದುಡ್ಡು ಸಿಗಬೇಕಾದ್ದು ಮೊದಲು ಈ ಕೆಲಸಕ್ಕೆ.

ತಿಂಗಳಿಗೆ 40 ಗಂಟೆ ಹಿಡಿದರೆ, ಕೈಗೆ ಬಂದದ್ದು ಗಂಟೆಗೆ ಏಳೂವರೆ ಡಾಲರ್. ಪಾಲು ಕೊಟ್ಟ ಮೇಲೆ ಆರು ಚಿಲ್ಲರೆ. ಇದನ್ನು 10ಕ್ಕೆ ಏರಿಸಬೇಕು ಅಂತ ಇದೆ. ಸದ್ಯಕ್ಕೆ ಈ ತಿಂಗಳ ಮತ ಮುಗಿದಿದೆ. ಸೇತುವೆ ಮೇಲೆ ಗಾಡಿ ಸಿಕ್ಕಿಕೊಳ್ಳುವ ಹಳೇ ಬಗ್‌ಗೆ ಎಲ್ಲಕ್ಕಿಂತ ಜಾಸ್ತಿ ಮತ ಬಿದ್ದಿವೆ. ಅದಕ್ಕೆ 12 ಗಂಟೆ ಬರೆದಿದ್ದೇನೆ, ನಾಳೆಯಿಂದ ಶುರು.