ಹಿನ್ಸ್‌ಬರ್ಗ್ ಪರೀಕ್ಷೆ: ಅವಕ್ಷೇಪ ಕಂಡ ಮೇಲಿನ ಕೆಲಸ

ಹಾಸನದ ಪದವಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಸಾವಯವ ವಿಶ್ಲೇಷಣೆ ಮಾಡಿಸುವ ನಾನು, ಅಮೈನ್‌ಗಳ ವರ್ಗ ಗುರುತಿಸುವುದಕ್ಕೆ ಅನಿಲೀನ್, ಎನ್-ಮೀಥೈಲ್ ಅನಿಲೀನ್ ಮತ್ತು ಎನ್,ಎನ್-ಡೈಮೀಥೈಲ್ ಅನಿಲೀನ್‌ಗಳನ್ನೇ ಹೆಚ್ಚಾಗಿ ಕೊಡುತ್ತೇನೆ. ಅಮೈನಿನ ನೈಟ್ರೋಜನ್ನಿಗೆ ಇಂಗಾಲದ ಗುಂಪು ಒಂದಿದ್ದರೆ ಅದು ಪ್ರಾಥಮಿಕ, ಎರಡಿದ್ದರೆ ದ್ವಿತೀಯಕ, ಮೂರಿದ್ದರೆ ತೃತೀಯಕ; ಈ ಮೂರು ಅದೇ ಕ್ರಮದಲ್ಲಿವೆ. ಮೂರೂ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುತ್ತವೆ. ಕೊನೆಯ ಎರಡರ ಕುದಿಬಿಂದುಗಳು ಸುಮಾರು 196 ಮತ್ತು 194 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ ನಮ್ಮ ಥರ್ಮಾಮೀಟರನ್ನು ನಂಬಿ ಅವನ್ನು ಬೇರ್ಪಡಿಸುವಂತಿಲ್ಲ.

ಕ್ಲೋರೋಫಾರ್ಮ್ ಮತ್ತು ಆಲ್ಕೊಹಾಲಿನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುವ ಕಾರ್ಬೈಲಮೈನ್ ಪರೀಕ್ಷೆ ಪ್ರಾಥಮಿಕ ಅಮೈನಿಗೆ ಮಾತ್ರ ಐಸೊಸಯನೈಡ್ ಎಂಬ ವಸ್ತುವಿನ ದುರ್ವಾಸನೆ ಕೊಡುತ್ತದೆ. ಆದರೆ ಆ ವಾಸನೆ ಎಷ್ಟು ತೀಕ್ಷ್ಣವೆಂದರೆ, ಎನ್-ಮೀಥೈಲ್ ಅನಿಲೀನಿನ ಬಾಟಲಿಯಲ್ಲಿ ಅಲ್ಪಸ್ವಲ್ಪ ಅನಿಲೀನ್ ಬೆರೆತಿದ್ದರೂ ಮೂಗಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ನಾನು ಇದನ್ನು ಸಾಕ್ಷಿಯೆಂದು ಒಪ್ಪುತ್ತೇನೆಯೇ ಹೊರತು ತೀರ್ಪೆಂದು ಒಪ್ಪುವುದಿಲ್ಲ. ಪ್ರನಾಳಕ್ಕೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸುರಿದು ಐಸೊಸಯನೈಡನ್ನು ನಾಶಪಡಿಸಿದ ಮೇಲಷ್ಟೇ ಅದು ಫ್ಯೂಮ್ ಹುಡ್‌ನಿಂದ ಹೊರಗೆ ಬರಬೇಕು.

ನೈಟ್ರಸ್ ಆಮ್ಲದ ಪರೀಕ್ಷೆಗೆ 0ರಿಂದ 5 ಡಿಗ್ರಿ ಬೇಕು. ಡಿಸೆಂಬರಿನಲ್ಲಿ ಹಾಸನದ ನಲ್ಲಿ ನೀರು ಕೈ ಕೊರೆಯುವಷ್ಟು ತಣ್ಣಗಿದ್ದರೂ ಅದು ಸಾಲದು, ಐಸ್ ತರಿಸಲೇಬೇಕು. ಹೀಗೆ ಅನಿಲೀನಿನಿಂದ ಸಿಗುವ ಡಯಜೋನಿಯಂ ದ್ರಾವಣಕ್ಕೆ ಕ್ಷಾರೀಯ ಬೀಟಾ-ನ್ಯಾಫ್ತಾಲ್ ಬಿದ್ದಾಗ ಮೂಡುವ ಕಿತ್ತಳೆಗೆಂಪು ಬಣ್ಣ ಅನಿಲೀನನ್ನು ಸ್ಪಷ್ಟವಾಗಿ ತೋರಿಸುತ್ತದೆ. ದ್ವಿತೀಯಕ ಅಮೈನ್ ಹಳದಿ ಎಣ್ಣೆಯಂಥ ನೈಟ್ರೊಸಮೈನ್ ಕೊಡುತ್ತದೆ. ಈ ವರ್ಗದ ಬಹಳಷ್ಟು ಸಂಯುಕ್ತಗಳು ಕ್ಯಾನ್ಸರ್‌ಕಾರಕವಾದ್ದರಿಂದ ಆ ಭಾಗವನ್ನು ನಾನು ಮಾಡಿಸುವುದಿಲ್ಲ.

ಉಳಿಯುವುದು ಆಸ್ಕರ್ ಹಿನ್ಸ್‌ಬರ್ಗ್ 1890ರಲ್ಲಿ ಪ್ರಕಟಿಸಿದ ವಿಧಾನ. ಸುಮಾರು ಅರ್ಧ ಮಿಲಿಲೀಟರ್ ಅಮೈನಿಗೆ ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಧಾರಾಳವಾಗಿ ಹಾಕಿ, ಬೆಂಜೀನ್ ಸಲ್ಫೋನೈಲ್ ಕ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಬಿರಡೆ ಹಾಕಿ ಅದರ ಘಾಟು ಹೋಗುವವರೆಗೆ ಕುಲುಕಬೇಕು. ಬಿಸಿ ಏರಿದರೆ ನೀರಿನಲ್ಲಿ ತಣ್ಣಗಾಗಿಸಬೇಕು, ಏಕೆಂದರೆ ಡೈಮೀಥೈಲ್ ಅನಿಲೀನ್ ಕಾವಿಗೆ ನೇರಳೆ ಬಣ್ಣದ ವಸ್ತುವನ್ನು ಕೊಟ್ಟು ಗೊಂದಲವೆಬ್ಬಿಸುತ್ತದೆ. ಈ ಹಂತದಲ್ಲಿ ಲಿಟ್ಮಸ್ ನೀಲಿಯಾಗಿಯೇ ಉಳಿಯಬೇಕು. ಕ್ಷಾರ ಮುಗಿದಿದ್ದರೆ ಪ್ರಾಥಮಿಕ ಅಮೈನ್ ಈ ಕ್ಲೋರೈಡಿನೊಡನೆ ಸೇರಿ ಕೊಡುವ ಸಲ್ಫೋನಮೈಡ್ ಕೂಡ ಘನವಾಗಿ ಕುಳಿತು ದ್ವಿತೀಯಕದಂತೆ ಕಾಣುತ್ತದೆ.

ತಳದಲ್ಲಿ ಬಿಳಿ ಕಂಡ ಕೂಡಲೇ ‘ದ್ವಿತೀಯಕ’ ಎಂದು ಬರೆಯುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ನೀರು ಹಾಕಿ ಎಂದು. ಪ್ರಾಥಮಿಕದ ಸೋಡಿಯಂ ಲವಣ ಸಾಂದ್ರ ಕ್ಷಾರದಲ್ಲಿ ಕೆಲವೊಮ್ಮೆ ಕರಗದೆ ನಿಲ್ಲುತ್ತದೆ, ನೀರು ಬಿದ್ದರೆ ಕರಗಿಹೋಗುತ್ತದೆ. ಆ ತಿಳಿ ದ್ರಾವಣಕ್ಕೆ ಆಮ್ಲ ಹನಿಸಿದಾಗ ಹಾಲು ಒಡೆದಂತೆ ಬಿಳಿ ಅವಕ್ಷೇಪ ಕಾಣುತ್ತದೆ, ಅಂದರೆ ನೈಟ್ರೋಜನ್ನಿನಿಂದ ಕ್ಷಾರ ಕಸಿದಿದ್ದ ಆಮ್ಲೀಯ ಹೈಡ್ರೋಜನ್ ಮರಳಿ ಸೇರಿದೆ. ದ್ವಿತೀಯಕದ ಸಲ್ಫೋನಮೈಡಿಗೆ ಅಂಥ ಹೈಡ್ರೋಜನ್ನೇ ಇಲ್ಲದ್ದರಿಂದ ಅದು ಕ್ಷಾರಕ್ಕೂ ಬಗ್ಗುವುದಿಲ್ಲ, ಸಾರರಿಕ್ತ ಆಮ್ಲಕ್ಕೂ ಬಗ್ಗುವುದಿಲ್ಲ. ತೃತೀಯಕವು ಎಣ್ಣೆಯಾಗಿ ತೇಲುತ್ತದೆ. ಅದನ್ನು ಪ್ರತ್ಯೇಕಿಸಿ ಆಮ್ಲ ಹಾಕಿದರೆ ಕರಗುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಘನವನ್ನು ಸೋಸಿ, ಆಲ್ಕೊಹಾಲಿನಿಂದ ಮರುಸ್ಫಟಿಕೀಕರಿಸಿ, ದ್ರವನಬಿಂದು ನೋಡಿಸುತ್ತೇನೆ. ಅನಿಲೀನಿನ ಸಲ್ಫೋನಮೈಡ್ ಸುಮಾರು 112 ಡಿಗ್ರಿಗೆ ಕರಗುತ್ತದೆ, ಮೀಥೈಲ್ ಅನಿಲೀನಿನದು 79ರ ಆಸುಪಾಸಿನಲ್ಲಿ.